ಆರುನೂರ ಅರವತ್ತು ಯೆನ್ ಕಡಿಮೆ

ಏಪ್ರಿಲ್ 6
ತನಾಬೆಯ ಬೆಟ್ಟದಿಂದ

ಮೊರಿಹಿಕೊ ಇನಗಾಕಿಯವರಿಗೆ,

ನಗೋಯಾದಲ್ಲಿ ಚೆರಿ ಹೂವೆಲ್ಲ ಉದುರಿರಬೇಕು. ನಮ್ಮಲ್ಲಿ ಉಮೆ ಮರಗಳು ಹೂವಿನ ಕೆಲಸ ಮುಗಿಸಿ ಕಡಲೆಕಾಳಿನಷ್ಟು ಕಾಯಿ ಹಿಡಿದಿವೆ. ನಮ್ಮ ಯಜಮಾನ ಗೆಂಗೊನ ಮಂಡಿನೋವು ಹಾಗೇ ಇದೆ. ದಿನಾ ಬೆಳಿಗ್ಗೆ ಕೋಲು ಊರಿಕೊಂಡು ತೋಟಕ್ಕೆ ಹೋಗಿ ಒಂದೊಂದು ಮರವನ್ನೂ ಬೈದು ಬರುತ್ತಾನೆ. ಬೈದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ ಎಂಬುದು ಅವನ ನಂಬಿಕೆ.

ನಿಮ್ಮ ಅನ್ನದುಂಡೆ ಅಂಗಡಿಗೆ ಮಾರ್ಚ್‌ನಲ್ಲಿ ಕಳಿಸಿದ ಹತ್ತು ಕಿಲೋ ಉಮೆ ಉಪ್ಪಿನಕಾಯಿಯ ಹಣ ಬಂತು. ಬಿಲ್ಲು ಹದಿನೆಂಟು ಸಾವಿರ ಯೆನ್. ಬ್ಯಾಂಕಿಗೆ ಬಂದು ಬಿದ್ದದ್ದು ಹದಿನೇಳು ಸಾವಿರದ ಮುನ್ನೂರ ನಲವತ್ತು. ಆರುನೂರ ಅರವತ್ತು ಕಡಿಮೆ. ಇಪ್ಪತ್ತಾರು ವರ್ಷಗಳಲ್ಲಿ ಹೀಗೆ ಒಂದು ಸಲವೂ ಆದದ್ದಿಲ್ಲ. ಹಾಗಾಗಿ ಇದು ನಿಮ್ಮ ಬೆರಳು ತಪ್ಪಿ ಒತ್ತಿದ್ದೇ ಇರಬೇಕು. ಗೆಂಗೊ ಪಾಸ್‌ಬುಕ್ ನೋಡಿ, "ಮೊರಿಹಿಕೊಗೂ ಕನ್ನಡಕ ಬದಲಾಯಿಸೋ ಕಾಲ ಬಂತು ಬಿಡು" ಎಂದು ನಕ್ಕ.

ಅವಸರವೇನಿಲ್ಲ. ಮುಂದಿನ ತಿಂಗಳಿನ ಹಣದ ಜೊತೆ ಸೇರಿಸಿಬಿಡಿ. ಫೋನಿನಲ್ಲಿ ಕೇಳೋಣ ಅಂದುಕೊಂಡೆ. ಆದರೆ ನನ್ನ ಕಿವಿಯ ಸಂಗತಿ ನಿಮಗೆ ಗೊತ್ತೇ ಇದೆ, ನೀವೊಂದು ಹೇಳಿದರೆ ನನಗೊಂದು ಕೇಳಿಸುತ್ತದೆ.

ಈ ವರ್ಷವಾದರೂ ಕೊಯ್ಲಿಗೆ ಬನ್ನಿ.

ಮಸುಯೊ ಉರಾಗಾಮಿ


ಏಪ್ರಿಲ್ 14
ನಗೋಯಾ

ಶ್ರೀಮತಿ ಉರಾಗಾಮಿ ಅವರಿಗೆ,

ನಾನು ಮೊರಿಹಿಕೊ ಇನಗಾಕಿಯವರ ಮಗಳು ಚಿಗುಸಾ. ತಂದೆಯವರು ಸದ್ಯ ಅಂಗಡಿಯ ಕೆಲಸ ನೋಡಿಕೊಳ್ಳುತ್ತಿಲ್ಲ. ಮಾರ್ಚ್‌ನಿಂದ ಎಲ್ಲ ವ್ಯವಹಾರವನ್ನೂ ನಾನೇ ನಡೆಸುತ್ತಿದ್ದೇನೆ. ಇನ್ನು ಮುಂದೆ ಏನಿದ್ದರೂ ದಯವಿಟ್ಟು ನನಗೇ ಬರೆಯಿರಿ.

ಹಣ ಕಡಿಮೆ ಬಂದ ಬಗ್ಗೆ ಕೇಳಿದ್ದೀರಿ. ಅದು ತಪ್ಪಿನಿಂದ ಆದದ್ದಲ್ಲ. ಆರುನೂರ ಅರವತ್ತು ಯೆನ್ ಎಂದರೆ ಬ್ಯಾಂಕಿನವರು ಹಣ ವರ್ಗಾಯಿಸಲು ಹಿಡಿಯುವ ಶುಲ್ಕ. ಇಷ್ಟು ವರ್ಷ ಅದನ್ನು ನಮ್ಮ ಅಂಗಡಿಯೇ ಭರಿಸುತ್ತಿತ್ತು. ಹಣ ಪಡೆಯುವವರು ಶುಲ್ಕ ಭರಿಸುವುದು ವ್ಯಾಪಾರದಲ್ಲಿ ರೂಢಿಯಲ್ಲಿದೆ ಎಂದು ನಮ್ಮ ಲೆಕ್ಕಿಗರು ಹೇಳಿದ್ದಾರೆ. ಅಕ್ಕಿಯವರು, ಕಡಲಪಾಚಿಯವರು, ಎಲ್ಲರಿಗೂ ಇದನ್ನೇ ತಿಳಿಸಿದ್ದೇನೆ.

ತಮ್ಮ ಸಹಕಾರ ಹೀಗೇ ಇರಲಿ.

ಚಿಗುಸಾ ಇನಗಾಕಿ


ಮೇ 3
ತನಾಬೆಯ ಬೆಟ್ಟದಿಂದ

ಮೊರಿಹಿಕೊ ಅವರೇ,

ನಿಮ್ಮ ಮಗಳ ಪತ್ರ ಬಂತು. ಅವರಿಗೇ ಬರೆಯಬೇಕಂತೆ. ಆದರೆ ನಾನು ಮಾತಾಡಬೇಕಾದ್ದು ನಿಮ್ಮ ಜೊತೆ. ಹಾಗಾಗಿ ಲಕೋಟೆಯ ಮೇಲೆ ನಿಮ್ಮ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ನೀವು ಮೊದಲ ಸಲ ನಮ್ಮ ಬೆಟ್ಟಕ್ಕೆ ಬಂದಾಗ ಕೊನೆಯ ಬಸ್ಸು ತಪ್ಪಿ ನಮ್ಮ ನಡುಮನೆಯಲ್ಲೇ ಮಲಗಿದ್ದಿರಿ. ಗೆಂಗೊ ಪಂಥ ಕಟ್ಟಿದ ಅಂತ ಉಪ್ಪಿಗೆ ಹಾಕಿದ ಏಳು ಹುಳಿ ಹಣ್ಣು ಒಂದರ ಹಿಂದೆ ಒಂದು ತಿಂದು ಇಡೀ ಮುಖ ಕಿವುಚಿಕೊಂಡು, "ಇದೇ ಬೇಕು ನನಗೆ, ಇನ್ನೆಲ್ಲೂ ಹುಡುಕೋದಿಲ್ಲ" ಅಂದಿರಿ. ಬೆಲೆ ಮಾತಾಡುವಾಗ ನಾವೇನೂ ಕೇಳಿರಲಿಲ್ಲ, ನೀವೇ ಹೇಳಿದ್ದು: "ಕಳಿಸೋ ಖರ್ಚು, ಬ್ಯಾಂಕಿನ ಖರ್ಚು ನನ್ನ ತಲೆಗಿರಲಿ. ನೀವು ಮರ ನೋಡ್ಕೊಳ್ಳಿ ಸಾಕು."

ಆ ಮಾತು ಬದಲಾಯಿಸಬೇಕು ಅನ್ನಿಸಿದರೆ ಬದಲಾಯಿಸಿ. ಅಂಗಡಿ ನಿಮ್ಮದು. ಆದರೆ ಎರಡು ಸಾಲು ನೀವೇ ಬರೆಯಬಹುದಿತ್ತು. "ಮಸುಯೊ ಅವರೇ, ವ್ಯಾಪಾರ ಬಿಗಿಯಾಗಿದೆ" ಅಂದಿದ್ದರೆ ನಾನು ಎರಡನೇ ಮಾತು ಆಡುತ್ತಿರಲಿಲ್ಲ. ಮಗಳನ್ನು ಮುಂದೆ ಬಿಟ್ಟು ಹಿಂದೆ ನಿಂತುಕೊಂಡಿದ್ದೀರಲ್ಲ, ಅದು ನೋವಾಯಿತು. ಗೆಂಗೊಗೆ ನೋವಲ್ಲ, ಸಿಟ್ಟು. "ನಾವೇನು ಅವನ ಅಂಗಡಿ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದೀವಾ? ಅವನ ಬ್ಯಾಂಕು, ಅವನ ಶುಲ್ಕ, ನನ್ನ ಹಣ್ಣಿನಿಂದ ಯಾಕೆ ಕಿತ್ಕೋಬೇಕು?" ಎಂದು ಎರಡು ದಿನದಿಂದ ಕೂಗಾಡುತ್ತಿದ್ದಾನೆ.

ಅವನ ಮಾತಿಗೆ ಏಪ್ರಿಲ್ ಬಿಲ್ಲಿನಲ್ಲಿ ಹೋದ ತಿಂಗಳ ಆರುನೂರ ಅರವತ್ತನ್ನೂ ಸೇರಿಸಿದ್ದೇನೆ. ನೋಡಿ ಕಳಿಸಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಹವೆ ಚೆನ್ನಾಗಿದೆ, ಮರಗಳೂ ಚೆನ್ನಾಗಿವೆ.

ಮಸುಯೊ


ಮೇ 20
ನಗೋಯಾ

ಶ್ರೀಮತಿ ಉರಾಗಾಮಿ ಅವರಿಗೆ,

ತಂದೆಯವರ ಹೆಸರಿಗೆ ಬರೆದ ನಿಮ್ಮ ಪತ್ರವನ್ನು ನಾನೇ ಒಡೆದು ಓದಿದೆ. ಅಂಗಡಿಗೆ ಬರುವ ಪತ್ರಗಳನ್ನೆಲ್ಲ ಈಗ ನಾನೇ ಓದುತ್ತೇನೆ. ಅವರು ಯಾರ ಹಿಂದೆಯೂ ನಿಂತಿಲ್ಲ. ಆ ಮಾತು ಬೇಡವಾಗಿತ್ತು.

ನೀವು ಬಿಲ್ಲಿಗೆ ಸೇರಿಸಿದ ಆರುನೂರ ಅರವತ್ತನ್ನು ನಾನು ಕೊಟ್ಟಿಲ್ಲ. ಈ ತಿಂಗಳೂ ಶುಲ್ಕ ಕಳೆದೇ ಹಣ ಹಾಕಿದ್ದೇನೆ. ಪಾಸ್‌ಬುಕ್ ನೋಡಿದಾಗ ಮತ್ತೆ ಬೇಸರವಾಗಬಹುದು, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ.

ನಾವು ಜಿಪುಣರು ಎಂದುಕೊಂಡಿದ್ದೀರಿ. ಹಾಗಾದರೆ ನನ್ನ ಒಂದು ಸೋಮವಾರ ಹೇಗಿರುತ್ತದೆ, ಕೇಳಿ.

ನಮ್ಮದು ರೈಲು ನಿಲ್ದಾಣದ ಪಕ್ಕದ ಅಂಗಡಿ. ಉಮೆ ಉಂಡೆಗೆ ನೂರ ಎಂಬತ್ತು ಯೆನ್. ರೈಲಿಗೆ ಓಡುವವರು ಅರ್ಧ ಜನ ಫೋನು ತೋರಿಸಿ ಹಣ ಕೊಡುತ್ತಾರೆ. ಅದರಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಫೋನಿನ ಕಂಪನಿ ಹಿಡಿದುಕೊಳ್ಳುತ್ತದೆ. ಉಳಿದ ಅರ್ಧ ಜನ ಚಿಲ್ಲರೆ ಕೊಡುತ್ತಾರೆ. ಸೋಮವಾರ ಆ ಚಿಲ್ಲರೆಯ ಚೀಲ ಹೊತ್ತು ಬ್ಯಾಂಕಿಗೆ ಹೋದೆ.

"ಕ್ಷಮಿಸಿ ಮೇಡಂ, ನಾಣ್ಯ ನೂರು ದಾಟಿದೆ. ಎಣಿಸೋ ಶುಲ್ಕ ಆಗುತ್ತೆ" ಎಂದಳು ಕೌಂಟರಿನ ಹುಡುಗಿ.

"ನಾನು ಮನೆಯಲ್ಲೇ ಎಣಿಸಿಕೊಂಡು ಬಂದಿದೀನಮ್ಮ."

"ನಾವೂ ಎಣಿಸಬೇಕಲ್ವಾ ಮೇಡಂ."

"ನಿಮ್ಮ ಬ್ಯಾಂಕಿಗೆ ಹಣ ಹಾಕೋಕೆ ಬಂದಿದೀನಿ, ತೆಗೆಯೋಕಲ್ಲ."

"ಹಾಕೋದಕ್ಕೇ ಮೇಡಂ ಶುಲ್ಕ."

ಕೊಟ್ಟೆ. ಆಮೇಲೆ ಗಿರಾಕಿಗಳಿಗೆ ಮರಳಿ ಕೊಡಲು ಹತ್ತು ಯೆನ್ ನಾಣ್ಯಗಳ ಕಟ್ಟು ಬೇಕು ಅಂದೆ. ಅದಕ್ಕೂ ಶುಲ್ಕ. ಹಾಗಾದರೆ ಈಗ ತಾನೇ ನಾನು ಕೊಟ್ಟೆನಲ್ಲ, ಅದರಲ್ಲಿರುವ ಹತ್ತರ ನಾಣ್ಯಗಳನ್ನೇ ವಾಪಸ್ಸು ಕೊಡಿ ಅಂದೆ. ಅವಳು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು, ತಲೆ ಬಾಗಿಸಿ, "ಅವು ಈಗ ಬ್ಯಾಂಕಿನ ನಾಣ್ಯ ಆಗಿಬಿಟ್ಟಿವೆ ಮೇಡಂ" ಎಂದಳು. ಹಿಂದೆ ಸಾಲಿನಲ್ಲಿದ್ದ ಮುದುಕರೊಬ್ಬರು ನಕ್ಕರು. ನನಗೆ ನಗು ಬರಲಿಲ್ಲ.

ಅದಾದ ಮೇಲೆ ಕೆಲಸದ ಇಬ್ಬರು ಹೆಂಗಸರಿಗೆ ಸಂಬಳ ಹಾಕಬೇಕು, ಅದಕ್ಕೂ ಶುಲ್ಕ. ಅಂಗಡಿಯಲ್ಲಿ ಕೂತೇ ಕಂಪ್ಯೂಟರಿನಿಂದ ಕಳಿಸಿದರೆ ಅಗ್ಗವಂತೆ. ಆದರೆ ಅಂಗಡಿಯ ಖಾತೆಗೆ ಆ ಸೌಲಭ್ಯ ಬೇಕಾದರೆ ತಿಂಗಳಿಗೆ ಎರಡು ಸಾವಿರದ ಇನ್ನೂರು ಯೆನ್! ಅಗ್ಗವಾಗುವುದಕ್ಕೆ ಕೊಡಬೇಕಾದ ಶುಲ್ಕ ಅದು.

ಬ್ಯಾಂಕಿನಿಂದ ಹೊರಗೆ ಬರುವ ಹೊತ್ತಿಗೆ ಎಷ್ಟು ಉಂಡೆ ಕಟ್ಟಿದ್ದು ಅವರ ಪಾಲಿಗೆ ಹೋಯಿತು ಎಂದು ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಅನ್ನ ಬೇಯಿಸಲು ನಾನು ಏಳುವಾಗ ನಿಮ್ಮ ಬೆಟ್ಟದಲ್ಲಿ ಹಕ್ಕಿ ಕೂಡ ಎದ್ದಿರುವುದಿಲ್ಲ.

ಶುಲ್ಕದ ವಿಷಯ ಇಲ್ಲಿಗೆ ಮುಗಿಯಲಿ.

ಚಿಗುಸಾ ಇನಗಾಕಿ


ಜೂನ್ 4
ತನಾಬೆಯ ಬೆಟ್ಟದಿಂದ

ಚಿಗುಸಾ ಅವರಿಗೆ,

ನೀವು ನಿಮ್ಮ ಸೋಮವಾರವನ್ನು ಬರೆದಿರಿ. ನಾನು ನಮ್ಮ ಭಾನುವಾರವನ್ನು ಬರೆಯುತ್ತೇನೆ.

ನಮ್ಮ ಕಣಿವೆಯಲ್ಲಿದ್ದ ಬ್ಯಾಂಕಿನ ಶಾಖೆ ಹೋದ ವರ್ಷ ಮುಚ್ಚಿತು. ಅಲ್ಲಿದ್ದವರು ಒಂದು ಒರೆಸುವ ಬಟ್ಟೆ ಉಡುಗೊರೆ ಕೊಟ್ಟು, ತಲೆ ಬಾಗಿಸಿ ಹೊರಟುಹೋದರು. ಈಗ ಹಳೆಯ ದಿನಸಿ ಅಂಗಡಿಯ ಮಗ್ಗುಲಲ್ಲಿ ಒಂದು ಯಂತ್ರ ಇದೆ. ಗೆಂಗೊನ ಮಂಡಿಗೆ ಆ ಇಳಿಜಾರು ಆಗದು. ಪಕ್ಕದ ತೋಟದವರು ಭಾನುವಾರ ಕಾರು ತೆಗೆದಾಗ ಅವರ ಜೊತೆ ಹೋಗುತ್ತೇವೆ. ಭಾನುವಾರ ಯಂತ್ರದಿಂದ ನಮ್ಮ ಹಣ ನಾವು ತೆಗೆದರೂ ಶುಲ್ಕ. ಯಂತ್ರಕ್ಕೆ ಭಾನುವಾರ ಏನು ಹಬ್ಬವೋ ಗೊತ್ತಿಲ್ಲ.

ಹೋದ ಭಾನುವಾರ ನೀವು ಹಾಕಿದ ಹಣ ನೋಡಿ ಗೆಂಗೊ ಯಂತ್ರದ ಮುಂದೆಯೇ ನಿಂತು, "ಕಳಿಸೋವಾಗ ಅವಳು ಕತ್ತರಿಸ್ತಾಳೆ, ತೆಗೆಯೋವಾಗ ಇದು ಕತ್ತರಿಸುತ್ತೆ. ನಮ್ಮ ಹಣ್ಣಿಗೆ ಕೊನೆಗೆ ಬೀಜ ಮಾತ್ರ ಉಳಿಯುತ್ತೆ ನೋಡು" ಎಂದ. ಯಂತ್ರ ಅದರದೇ ದನಿಯಲ್ಲಿ "ಬಳಸಿದ್ದಕ್ಕೆ ಧನ್ಯವಾದಗಳು" ಎಂದಿತು. ಅವನು ಕೋಲು ಎತ್ತಿದ್ದ. ಪಕ್ಕದ ತೋಟದವರು ಹಿಡಿದುಕೊಂಡರು.

ಇನ್ನು ಸಾಕು, ಚಿಗುಸಾ ಅವರೇ. ಮೇ ತಿಂಗಳದ್ದೇ ಕೊನೆಯ ಡಬ್ಬ. ಇನ್ನು ಮುಂದೆ ನಿಮ್ಮ ಅಂಗಡಿಗೆ ಕಳಿಸುವುದಿಲ್ಲ. ಶುಲ್ಕ ಕತ್ತರಿಸದೆ ಕೊಂಡುಕೊಳ್ಳುವವರು ಬೇರೆ ಇದ್ದಾರೆ.

ನಿಮ್ಮ ತಂದೆಯವರಿಗೆ ಇದನ್ನು ತಿಳಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಅವರಿಗೆ ಬರೆದದ್ದಕ್ಕೆ ಅವರಿಂದ ಉತ್ತರ ಬರಲಿಲ್ಲ. ಅದೇ ಉತ್ತರ ಎಂದುಕೊಂಡಿದ್ದೇನೆ.

ಮಸುಯೊ ಉರಾಗಾಮಿ


ಜೂನ್ 9
ನಗೋಯಾ

ಶ್ರೀಮತಿ ಉರಾಗಾಮಿ ಅವರಿಗೆ,

ಪತ್ರ ತಲುಪಿತು. ಮೇ ತಿಂಗಳ ಹಣ ಹಾಕಿದ್ದೇನೆ. ಬೇರೆ ಕಡೆಯಿಂದ ಉಮೆ ತರಿಸಲು ಏರ್ಪಾಡಾಗಿದೆ. ಖಾಲಿ ಡಬ್ಬಗಳನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಕೊರಿಯರ್ ಖರ್ಚು ನಮ್ಮದೇ.

ಚಿಗುಸಾ ಇನಗಾಕಿ


ಅಕ್ಟೋಬರ್ 18
ನಗೋಯಾ

ಮಸುಯೊ ಅವರಿಗೆ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದನ್ನೂ ಓದದೆ ಬಿಸಾಡಬೇಕೆನಿಸಿದರೆ ಬಿಸಾಡಿ.

ಅಪ್ಪನಿಗೆ ಫೆಬ್ರವರಿಯಲ್ಲಿ ಲಕ್ವ ಹೊಡೆಯಿತು. ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದವರು ಹಾಗೇ ಕುಸಿದರು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ, ಅವರಿಗೆ ಹೇಳುವುದಕ್ಕೆ ಬರುವುದಿಲ್ಲ. ಬಾಯಿ ತೆರೆಯುತ್ತಾರೆ, ಪದ ಸಿಗುವುದಿಲ್ಲ, ಸಿಟ್ಟಿನಿಂದ ಎಡಗೈಯಲ್ಲಿ ತೊಡೆ ಹೊಡೆದುಕೊಳ್ಳುತ್ತಾರೆ.

ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಯಾರಿಗೂ ಹೇಳಲಿಲ್ಲ. ನಾನು ಅದುವರೆಗೆ ಹಲ್ಲಿನ ಡಾಕ್ಟರ ಬಳಿ ಗುಮಾಸ್ತೆಯಾಗಿದ್ದವಳು. ಉಂಡೆ ಕಟ್ಟುವುದೊಂದು ಬಿಟ್ಟರೆ ಅಂಗಡಿಯ ಗಂಧಗಾಳಿ ಇಲ್ಲದವಳು. ಅಂಗಡಿಯ ಯಜಮಾನ ಮಲಗಿದ್ದಾನೆ ಎಂದು ಗೊತ್ತಾದರೆ ಅಕ್ಕಿಯವರು ಮುಂಗಡ ಕೇಳುತ್ತಾರೆ, ಕಟ್ಟಡದ ಮಾಲೀಕರು ಬಂದು ನಿಲ್ಲುತ್ತಾರೆ ಎಂಬ ಹೆದರಿಕೆ. ಅದಕ್ಕೇ ನಿಮಗೆ ಅಷ್ಟು ಗಟ್ಟಿ ದನಿಯಲ್ಲಿ ಬರೆದದ್ದು. ಮತ್ತೆ ಓದಿದರೆ ನನಗೇ ನಾಚಿಕೆಯಾಗುತ್ತದೆ. ನಿಮ್ಮ ಮೇ ತಿಂಗಳ ಪತ್ರವನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ಅವರಿಗೆ ಉತ್ತರ ಕೊಡಲು ಆಗುವುದಿಲ್ಲವಲ್ಲ, ಇನ್ನಷ್ಟು ಸಂಕಟ ಪಡುತ್ತಾರೆ ಎಂದುಕೊಂಡೆ.

ಈಗ ಕಾರ್ಖಾನೆಯ ಉಮೆ ಬಳಸುತ್ತಿದ್ದೇವೆ. ಕೆಂಪಗಿದೆ, ಗುಂಡಗಿದೆ, ಜೇನು ಹಾಕಿದ್ದಾರಂತೆ. ದಿನಾ ಬರುತ್ತಿದ್ದ ಟ್ಯಾಕ್ಸಿಯವರು ಒಬ್ಬರು, "ಏನಮ್ಮಾ, ಇದು ಉಪ್ಪಿನಕಾಯೋ ಮಿಠಾಯಿಯೋ?" ಎಂದರು. ಈಗ ಅವರು ಮೀನಿನ ಉಂಡೆ ಮಾತ್ರ ಕೊಳ್ಳುತ್ತಾರೆ. ಕೆಲವರು ಏನೂ ಹೇಳದೆ ಬರುವುದನ್ನೇ ಬಿಟ್ಟಿದ್ದಾರೆ.

ಮೊನ್ನೆ ಅಪ್ಪನಿಗೆ ಡಾಕ್ಟರು ಗಟ್ಟಿ ಊಟ ಕೊಡಬಹುದು ಎಂದರು. ಖುಷಿಯಿಂದ ಒಂದು ಉಮೆ ಉಂಡೆ ಕಟ್ಟಿ ಒಯ್ದೆ. ಒಂದು ತುತ್ತು ತಿಂದರು. ಅಗಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಉಳಿದದ್ದನ್ನು ನಿಧಾನವಾಗಿ ತಟ್ಟೆಗೆ ಇಟ್ಟು, ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಬೈಯಲು ಮಾತು ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ನಿಮ್ಮ ಪತ್ರ, ನನ್ನ ಪತ್ರ, ಆರುನೂರ ಅರವತ್ತು ಯೆನ್. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು.

ಮತ್ತೆ ಕಳಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮಗೆ ತಿಳಿದಿರಬೇಕು ಅನ್ನಿಸಿತು. ಅವರು ನಿಮ್ಮ ಪತ್ರ ಓದಿ ಸುಮ್ಮನಿದ್ದವರಲ್ಲ.

ಚಿಗುಸಾ


ಅಕ್ಟೋಬರ್ 27
ತನಾಬೆಯ ಬೆಟ್ಟದಿಂದ

ಚಿಗುಸಾ,

ನಿನ್ನ ಪತ್ರವನ್ನು ಜಗಲಿಯಲ್ಲಿ ಕೂತು ಓದಿದೆ. ಗೆಂಗೊಗೆ ಗಟ್ಟಿಯಾಗಿ ಓದಲು ಹೋಗಿ ಅರ್ಧದಲ್ಲಿ ಆಗಲಿಲ್ಲ. ಅವನೇ ಕಿತ್ತುಕೊಂಡು ಓದಿದ. ಓದಿ ಮುಗಿಸಿ ತೋಟಕ್ಕೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ. ಹೋಗಿ ನೋಡಿದರೆ ಒಂದು ಮರದ ಕೆಳಗೆ ಸುಮ್ಮನೆ ಕೂತಿದ್ದ, ಬೈಯುತ್ತಲೂ ಇರಲಿಲ್ಲ.

ಎಂಟು ತಿಂಗಳು ಒಬ್ಬಳೇ ಹೊತ್ತುಕೊಂಡು ತಿರುಗಿದ್ದೀಯಲ್ಲ ಮಗಳೇ. ಒಂದು ಗೆರೆ ಬರೆದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆನಾ?

ಆದರೆ ಹಾಗೆ ಕೇಳಲು ನನಗೂ ಬಾಯಿಲ್ಲ. ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಮೇ ತಿಂಗಳಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಆಲಿಕಲ್ಲು ಬಿತ್ತು. ಕಾಲು ಗಂಟೆಯೂ ಇರಲಿಲ್ಲ. ಮುಗಿದ ಮೇಲೆ ತೋಟದಲ್ಲಿ ಕಾಲಿಟ್ಟ ಕಡೆಯೆಲ್ಲ ಹಸಿರು ಕಾಯಿ. ಮರದಲ್ಲಿ ಉಳಿದ ಕಾಯಿಗೂ ಮೈತುಂಬ ಪೆಟ್ಟು. ಜೂನ್‌ನಲ್ಲಿ ಕೊಯ್ದಾಗ ಒಂದೊಂದು ಹಣ್ಣಿನ ಮೇಲೂ ಕಪ್ಪು ಕಲೆ, ಸಿಡುಬು ಬಂದು ಹೋದ ಮುಖದ ಹಾಗೆ.

ಹಳೆಯ ದಾಸ್ತಾನಿನಲ್ಲಿ ಉಳಿದದ್ದು ಸ್ವಲ್ಪ. ಕೊಳ್ಳುವವರಲ್ಲಿ ಯಾರನ್ನಾದರೂ ಬಿಡಲೇಬೇಕಿತ್ತು. ಇಪ್ಪತ್ತಾರು ವರ್ಷದ ಗಿರಾಕಿಗೆ "ಈ ವರ್ಷ ಕೊಡಲು ಇಲ್ಲ" ಎಂದು ಬರೆಯಲು ನಾಚಿಕೆ. ಅಷ್ಟರಲ್ಲಿ ನೀನು ಮತ್ತೆ ಶುಲ್ಕ ಕತ್ತರಿಸಿದೆ, ನನಗೆ ಸಿಟ್ಟಿನ ಕಾರಣ ಸಿಕ್ಕಿತು. ಬೇರೆ ಕೊಳ್ಳುವವರಿದ್ದಾರೆ ಎಂದು ಜಂಭ ಕೊಚ್ಚಿದೆ. ಶುಲ್ಕಕ್ಕೆ ಸಿಟ್ಟು ಬಂದದ್ದು ನಿಜ, ಈಗಲೂ ಇದೆ. ಆದರೆ ಕಳಿಸುವುದನ್ನು ನಿಲ್ಲಿಸಿದ್ದು ಅದಕ್ಕೊಂದಕ್ಕೇ ಅಲ್ಲ.

ಕಲೆ ಬಿದ್ದ ಹಣ್ಣನ್ನು ಬಿಸಾಡಲು ಮನಸ್ಸು ಬರದೆ ಎಂದಿನಂತೆ ಉಪ್ಪು ಹಾಕಿ, ಜುಲೈ ಬಿಸಿಲಿಗೆ ಒಣಗಿಸಿ, ಎಂಟು ಡಬ್ಬ ತುಂಬಿ ಇಟ್ಟಿದ್ದೇನೆ. ರುಚಿಯೇನೋ ಕಳೆದ ವರ್ಷದ್ದೇ. ಆದರೆ ಇಂಥ ಮುಖದ ಹಣ್ಣನ್ನು ಒಳ್ಳೆಯ ಅಂಗಡಿಗೆ ಕಳಿಸುವುದು ಹೇಗೆ? ಸಾಸ್ ಮಾಡುವವನೊಬ್ಬ ಬಂದು ಅರ್ಧಕ್ಕಿಂತ ಕಡಿಮೆ ಬೆಲೆ ಹೇಳಿದ. ಗೆಂಗೊ ಅವನನ್ನು ಅಟ್ಟಿಬಿಟ್ಟ. ಡಬ್ಬಗಳು ಕೊಟ್ಟಿಗೆಯಲ್ಲೇ ಇವೆ.

ಅಪ್ಪನಿಗೆ ಅಂತ ಒಂದು ಸಣ್ಣ ಜಾಡಿ ಕಳಿಸುತ್ತಿದ್ದೇನೆ. ಮುಖ ನೋಡದೆ ತಿನ್ನಲು ಹೇಳು.

ಮಸುಯೊ


ನವೆಂಬರ್ 16
ನಗೋಯಾ

ಪ್ರೀತಿಯ ಮಸುಯೊ ಅತ್ತೆಗೆ,

ಹಾಗೆ ಕರೆಯಬಹುದು ತಾನೆ? ಅಪ್ಪ ಗೆಂಗೊ ಅವರನ್ನು ಭಾವ ಎನ್ನುತ್ತಿದ್ದರು ಎಂದು ಅಮ್ಮ ಇದ್ದಾಗ ಹೇಳುತ್ತಿದ್ದ ನೆನಪು.

ಜಾಡಿ ಬಂತು. ಅಪ್ಪ ಮುಖವನ್ನೂ ನೋಡಿದರು, ಹಣ್ಣನ್ನೂ ತಿಂದರು. ಮುಖ ಕಿವುಚಿತು, ಲಕ್ವ ಹೊಡೆದ ಅರ್ಧವೂ ಸ್ವಲ್ಪ ಕಿವುಚಿದಂತೆ ನನಗೆ ಕಂಡಿತು. ಡಾಕ್ಟರು ಹಾಗೇನೂ ಇಲ್ಲ ಎನ್ನುತ್ತಾರೆ. ಎರಡನೆಯದಕ್ಕೆ ಕೈ ಚಾಚಿದರು. ಉಪ್ಪು ಜಾಸ್ತಿ ಬೇಡ ಅಂತ ನಾನೇ ಜಾಡಿ ಮುಚ್ಚಿಟ್ಟೆ. ಅದಕ್ಕೆ ಸಂಜೆವರೆಗೂ ನನ್ನ ಮೇಲೆ ಮುನಿಸು.

ಅತ್ತೆ, ಅನ್ನದೊಳಗೆ ಹೋಗುವ ಹಣ್ಣಿಗೆ ಮುಖ ಯಾಕೆ ಬೇಕು? ಬೀಜ ತೆಗೆದು, ತಿರುಳು ಕಿವುಚಿ, ಉಂಡೆಯ ಹೊಟ್ಟೆಯಲ್ಲಿ ಇಡುತ್ತೇವೆ. ಗಿರಾಕಿ ಕಚ್ಚಿದಾಗ ಕಾಣುವುದು ಕೆಂಪು ಮಾತ್ರ. ಎಂಟು ಡಬ್ಬವೂ ನನಗೆ ಬೇಕು, ಹಳೆಯ ಬೆಲೆಗೇ. ನಿಮ್ಮ ಒಪ್ಪಿಗೆ ಕೇಳಿದರೆ ನೀವು ಬೆಲೆ ಇಳಿಸುತ್ತೀರಿ ಎಂದು ಗೊತ್ತಿತ್ತು. ಅದಕ್ಕೇ ಕೇಳದೆ ನಿನ್ನೆ ಎಂಟರ ಹಣವನ್ನೂ ಒಟ್ಟಿಗೆ ಕಳಿಸಿದ್ದೇನೆ. ನೀವು ತಿಂಗಳಿಗೊಂದರಂತೆ ಡಬ್ಬ ಕಳಿಸಿ. ಎಂಟು ಸಲ ಬ್ಯಾಂಕಿಗೆ ದಕ್ಷಿಣೆ ಕೊಡುವ ಬದಲು ಒಂದೇ ಸಲ ಕೊಟ್ಟೆ. ಅದೂ ನಮ್ಮ ಕೈಯಿಂದ, ನಿಮ್ಮ ಹಣದಲ್ಲಿ ಕತ್ತರಿಸದೆ.

ನಿನ್ನೆ ಏನಾಯಿತು ಎಂದು ಗೆಂಗೊ ಅವರಿಗೆ ಓದಿ ಹೇಳಲೇಬೇಕು.

ಅಷ್ಟು ದೊಡ್ಡ ಮೊತ್ತವನ್ನು ಯಂತ್ರದಿಂದ ಕಳಿಸಲು ಆಗುವುದಿಲ್ಲ, ಕೌಂಟರಿಗೇ ಹೋಗಬೇಕು. ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಹೆಸರು ಬದಲಾಯಿಸಲು ಬೇಕಾದ ಕಾಗದಗಳಿಗೆ ನಾನು ಇನ್ನೂ ಓಡಾಡುತ್ತಲೇ ಇದ್ದೇನೆ. ಹಾಗಾಗಿ ಅವರೇ ಬರಬೇಕು ಎಂದರು. ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆ. ಕೌಂಟರಿನಲ್ಲಿ ನಾಣ್ಯದ ಆ ಹುಡುಗಿಯೇ ಇದ್ದಳು. ಕಾಗದ ನೋಡಿ, ನಮ್ಮನ್ನು ನೋಡಿ, ಒಳಗೆ ಹೋಗಿ ಒಬ್ಬ ಕನ್ನಡಕದ ಅಧಿಕಾರಿಯನ್ನು ಕರೆದುಕೊಂಡು ಬಂದಳು. ವಯಸ್ಸಾದವರನ್ನು ಫೋನಿನಲ್ಲಿ ಹೆದರಿಸಿ ಹಣ ಹಾಕಿಸಿಕೊಳ್ಳುವ ಮೋಸ ಹೆಚ್ಚಾಗಿದೆಯಲ್ಲ, ಅದರ ತಪಾಸಣೆ.

"ಇನಗಾಕಿಯವರೇ, ಈ ಹಣ ಕಳಿಸಿ ಅಂತ ನಿಮಗೆ ಯಾರಾದರೂ ಹೇಳಿದರಾ?" ಎಂದು ಅವನು ಬಗ್ಗಿ ಕೇಳಿದ.

"ನಾನು ಹೇಳ್ತೀನಿ. ಇದು ಉಪ್ಪಿನಕಾಯಿಯ ಹಣ" ಎಂದೆ.

"ಕ್ಷಮಿಸಿ ಮೇಡಂ, ಖಾತೆದಾರರೇ ಹೇಳಬೇಕು."

"ಅವರಿಗೆ ಮಾತು ಬರಲ್ಲ ಸ್ವಾಮಿ."

"ಹಾಗಾದರೆ ಅವರ ಇಚ್ಛೆ ಏನು ಅಂತ ನಮಗೆ ಗೊತ್ತಾಗೋದು ಹೇಗೆ ಮೇಡಂ? ಇವತ್ತು ಆಗಲ್ಲ ಅನ್ಸುತ್ತೆ. ವೈದ್ಯರ ಪತ್ರ ತಂದರೆ..."

ಒಂಬತ್ತು ತಿಂಗಳಿನಿಂದ ಈ ಕಟ್ಟಡದಲ್ಲಿ ನಾನು ನುಂಗಿದ್ದೆಲ್ಲ ಒಮ್ಮೆಗೇ ಹೊರಗೆ ಬಂತು. "ನಮ್ಮ ನಾಣ್ಯ ತಗೊಳ್ಳೋಕೆ ದುಡ್ಡು ಕೇಳ್ತೀರಿ, ಕೊಡೋಕೆ ದುಡ್ಡು ಕೇಳ್ತೀರಿ. ತಿಂಗಳು ತಿಂಗಳೂ ಅವರ ಖಾತೆಯಿಂದ ಶುಲ್ಕ ಹಿಡಿಯೋವಾಗ ಅವರ ಇಚ್ಛೆ ಏನು ಅಂತ ಒಂದು ದಿನ ಕೇಳಿದ್ದೀರಾ?" ಎಂದು ಕೂಗಿಬಿಟ್ಟೆ. ಅಧಿಕಾರಿ ತಲೆ ಬಾಗಿಸಿದ, ಆದರೆ ಕಾಗದವನ್ನು ಮುಂದಕ್ಕೆ ತಳ್ಳಲಿಲ್ಲ.

ಆಗ ಅಪ್ಪ ಎಡಗೈಯಿಂದ ಕೌಂಟರಿನ ಅಂಚು ಹಿಡಿದರು. ಬಾಯಿ ತೆರೆದರು. ಏನೂ ಬರಲಿಲ್ಲ. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ನಾನು ಬೆನ್ನು ಸವರಲು ಹೋದರೆ ಕೈ ಕೊಡವಿದರು. ಆ ಕನ್ನಡಕದವನನ್ನೇ ನೋಡುತ್ತಾ, "ನನ್ನ" ಎಂದರು. ತುಂಬಾ ಹೊತ್ತಿನ ಮೇಲೆ, "ದುಡ್ಡು" ಎಂದರು. ಆಮೇಲೆ, ಕೌಂಟರಿಗೆ ಒಂದು ಗುದ್ದು ಗುದ್ದಿ, "ಕಳಿಸು!"

ಅತ್ತೆ, ಮಾತು ಕಲಿಸುವ ತರಬೇತಿಯವರು ಎಷ್ಟೋ ತಿಂಗಳಿಂದ ಸೇಬು, ಬೆಕ್ಕು, ಛತ್ರಿಯ ಚಿತ್ರ ತೋರಿಸಿದರೂ ಎರಡು ಪದ ಒಟ್ಟಿಗೆ ಬಂದಿರಲಿಲ್ಲ.

ಅಧಿಕಾರಿ ಮತ್ತೆ ತಲೆ ಬಾಗಿಸಿದ, ಈ ಸಲ ಇನ್ನೂ ಕೆಳಗೆ. ಹುಡುಗಿ ಕಣ್ಣೊರೆಸಿಕೊಂಡು ಮುದ್ರೆ ಒತ್ತಿದಳು. ಆಮೇಲೆ ತುಂಬ ಮೆಲ್ಲಗೆ ಹೇಳಿದಳು: "ಕೌಂಟರಿನಲ್ಲಿ ಆದರೆ ಶುಲ್ಕ ಎಂಟುನೂರ ಎಂಬತ್ತು ಯೆನ್ ಆಗುತ್ತೆ."

"ಎಷ್ಟು?" ಎಂದರು ಅಪ್ಪ. ಸ್ಪಷ್ಟವಾಗಿ, ಹಳೆಯ ದನಿಯಲ್ಲಿ, ಇಡೀ ಬ್ಯಾಂಕಿಗೆ ಕೇಳಿಸುವಂತೆ.

ಶುಲ್ಕ ಕೊಟ್ಟೆ. ನಗುತ್ತಾ ಕೊಟ್ಟೆನೋ ಅಳುತ್ತಾ ಕೊಟ್ಟೆನೋ ಹೇಳಲಾರೆ. ಹೊರಗೆ ಬಂದ ಮೇಲೆ ಅಪ್ಪ ಹಿಂದಕ್ಕೆ ತಿರುಗಿ ಆ ಕಟ್ಟಡವನ್ನು ನೋಡುತ್ತಲೇ ಇದ್ದರು. ಇನ್ನೊಂದು ಪದಕ್ಕಾಗಿ ಹುಡುಕುತ್ತಿದ್ದರು ಅನ್ನಿಸುತ್ತದೆ. ಅದು ಸಿಗದೇ ಇದ್ದದ್ದೇ ಒಳ್ಳೆಯದಾಯಿತು, ಸುತ್ತ ಶಾಲೆಯ ಮಕ್ಕಳಿದ್ದರು.

ಚಿಗುಸಾ


ನವೆಂಬರ್ 24
ತನಾಬೆಯ ಬೆಟ್ಟದಿಂದ

ಚಿಗುಸಾ ಮಗಳೇ,

ಹಣ ಬಂದಿದೆ, ಪೂರ್ತಿ ಬಂದಿದೆ. ಮೊದಲ ಡಬ್ಬ ನಿನ್ನೆ ಕೊರಿಯರ್‌ನವನ ಕೈಗೆ ಕೊಟ್ಟೆ. ನಾಳೆಯೋ ನಾಡಿದ್ದೋ ನಿನ್ನ ಅಂಗಡಿಯಲ್ಲಿರುತ್ತದೆ. ಬೆಲೆ ಹೆಚ್ಚಾಯಿತು ಎಂದು ನಾನು ಬರೆಯಲು ಹೊರಟರೆ ಗೆಂಗೊ ಲೇಖನಿ ಹಿಡಿದುಕೊಂಡ. "ಆ ಹುಡುಗಿ ಬ್ಯಾಂಕಿನಲ್ಲಿ ಅಷ್ಟು ಕೂಗಾಡಿ ಕಳಿಸಿದ ಹಣ ಕಣೇ, ಬಾಯಿ ಮುಚ್ಚಿಕೊಂಡು ತಗೋ" ಎಂದ. ತಗೊಂಡಿದ್ದೇನೆ.

ನಿನ್ನ ಪತ್ರದ ಆ ಭಾಗವನ್ನು ಅವನಿಗೆ ಎಷ್ಟು ಸಲ ಓದಿದ್ದೇನೋ. "ಕಳಿಸು" ಎಂದು ಗುದ್ದಿದಲ್ಲಿಗೆ ಬಂದಾಗ ಪ್ರತಿ ಸಲವೂ ತಾನೂ ಚಾಪೆಗೆ ಗುದ್ದುತ್ತಾನೆ. "ಎಷ್ಟು" ಎಂಬಲ್ಲಿ ನಗುತ್ತಾನೆ, ನಕ್ಕು ನಕ್ಕು ಕೆಮ್ಮು ಬರುತ್ತದೆ.

ಒಂದು ಕೆಟ್ಟ ಸುದ್ದಿ ಇದೆ. ದಿನಸಿ ಅಂಗಡಿಯ ಮಗ್ಗುಲಿನ ಯಂತ್ರವನ್ನೂ ಮಾರ್ಚ್‌ಗೆ ತೆಗೆದುಬಿಡುತ್ತಾರಂತೆ. ಬಳಸುವವರು ಕಡಿಮೆ, ನಷ್ಟ ಎಂದು ಕಾಗದ ಅಂಟಿಸಿದ್ದಾರೆ. ನಮ್ಮ ದುಡ್ಡಿನಲ್ಲಿ ಅಷ್ಟೆಲ್ಲ ಕತ್ತರಿಸಿಕೊಂಡೂ ಆ ಯಂತ್ರಕ್ಕೆ ಹೊಟ್ಟೆ ತುಂಬಲಿಲ್ಲ ನೋಡು. ಇನ್ನು ಹಣ ತೆಗೆಯಬೇಕಾದರೆ ಎರಡು ಬಸ್ಸು ಬದಲಾಯಿಸಿ ತನಾಬೆಯ ಪೇಟೆಗೇ ಹೋಗಬೇಕು. ಬಸ್ಸಿನ ದುಡ್ಡಿನ ಮುಂದೆ ಶುಲ್ಕ ಏನೂ ಅಲ್ಲ.

ಆ ಕಾಗದವನ್ನು ಓದಿ ಗೆಂಗೊ ಕೋಲು ಎತ್ತುತ್ತಾನೆ ಎಂದುಕೊಂಡು ನಾನು ಮೊದಲೇ ಅದನ್ನು ಹಿಡಿದುಕೊಂಡಿದ್ದೆ. ಅವನು ಎತ್ತಲಿಲ್ಲ. ಮನೆಗೆ ಬಂದು ಚಹಾ ಕುಡಿಯುತ್ತಾ, "ಎರಡು ಬಸ್ಸು ಹತ್ತೋದೇ ಆದರೆ ಅಲ್ಲಿಂದ ರೈಲೂ ಹತ್ತಬಹುದಲ್ಲ" ಎಂದ.

"ರೈಲು ಹತ್ತಿ ಎಲ್ಲಿಗೆ ಹೋಗ್ತೀಯ?"

"ಇನ್ನೆಲ್ಲಿಗೆ? ಮುಂದಿನ ವರ್ಷದ ದುಡ್ಡು ತಗೊಳ್ಳೋಕೆ. ಅವನ ಕೈಯಿಂದ ನನ್ನ ಕೈಗೆ. ಯಾವ ಬ್ಯಾಂಕಿನವನು ಮಧ್ಯೆ ಬಂದು ಕತ್ತರಿಸ್ತಾನೋ ನೋಡೇಬಿಡ್ತೀನಿ."

ಮಂಡಿನೋವು ಎಂದು ಐದು ವರ್ಷದಿಂದ ಕಣಿವೆ ದಾಟದವನು. ತಮಾಷೆಗೆ ಹೇಳಿದ್ದಾನೆ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಪಕ್ಕದ ತೋಟದವರ ಬೇಲಿಯ ಹತ್ತಿರ ನಿಂತು, ನಗೋಯಾದ ರೈಲಿನಲ್ಲಿ ಕಾಲು ಚಾಚಲು ಜಾಗ ಇರುತ್ತದೆಯೇ ಎಂದು ವಿಚಾರಿಸುತ್ತಿದ್ದ.

ಮಸುಯೊ ಅತ್ತೆ